ತೂಕದ ಕ್ಲಿನಿಕ್‌ನಲ್ಲಿ ಇಪ್ಪತ್ತು ತಿಂಗಳು: ಡಾಕ್ಟರಿಗೆ ಐದು ಸ್ಟಾರ್, ಫಾರಂಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಇದು ಬೈಗುಳದ ರಿವ್ಯೂ ಅಲ್ಲ. ನಾನು ಹೋದ ತೂಕದ ಕ್ಲಿನಿಕ್ ಚೆನ್ನಾಗಿದೆ. ಡಾಕ್ಟರ್ ಒಳ್ಳೆಯವರು, ನರ್ಸ್ ಇನ್ನೂ ಒಳ್ಳೆಯವರು, ಔಷಧಿ ಕೆಲಸ ಮಾಡಿತು. ಆದರೂ ಒಟ್ಟು ಐದಕ್ಕೆ ಮೂರೇ ಸ್ಟಾರ್ ಕೊಡುತ್ತಿದ್ದೇನೆ. ಉಳಿದ ಎರಡು ಸ್ಟಾರ್ ಎಲ್ಲಿ ಹೋದವು ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿರುವುದು. ಕ್ಲಿನಿಕ್ ಹೆಸರು ಹಾಕುವುದಿಲ್ಲ, ವಿಮೆ ಕಂಪನಿ ಹೆಸರೂ ಹಾಕುವುದಿಲ್ಲ. ಹಾಕಿದರೆ 'ಓ, ಅದನ್ನು ಬಿಟ್ಟು ಬೇರೆ ಕಡೆ ಹೋದರಾಯಿತು' ಅಂದುಕೊಳ್ಳುತ್ತೀರಿ. ಅಷ್ಟು ಸುಲಭ ಇಲ್ಲ.

ನನ್ನ ಲೆಕ್ಕ ಇಷ್ಟು. ಎತ್ತರ 172 ಸೆಂಟಿಮೀಟರ್. ಹೋದ ದಿನದ ತೂಕ 104 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 35ರ ಮೇಲೆ. ಆರು ವರ್ಷದಿಂದ ಬಿಪಿ ಇದೆ, ಅದಕ್ಕೆ ದಿನಾ ಬೆಳಿಗ್ಗೆ ಒಂದು ಮಾತ್ರೆ. ಈ ಬಿಪಿ ಮಾತ್ರೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಒಳಗೆ ಹೋದ ತಕ್ಷಣ ಇಷ್ಟವಾಗಿದ್ದು ಕುರ್ಚಿ. ನಗಬೇಡಿ. ಕಾಯುವ ಜಾಗದಲ್ಲಿ ಕೈ ಇಲ್ಲದ ಅಗಲ ಕುರ್ಚಿಗಳಿದ್ದವು. ದಪ್ಪ ಇರುವವರಿಗೆ ಮಾತ್ರ ಗೊತ್ತು, ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಿಂದ ಏಳುವಾಗ ಕುರ್ಚಿಯೂ ಜೊತೆಗೇ ಎದ್ದು ಬರುವ ಕಷ್ಟ. ತೂಕದ ಮೆಷಿನ್ ಬಾಗಿಲು ಹಾಕಿದ ರೂಮಿನಲ್ಲಿತ್ತು. ಈ ಹಿಂದೆ ಒಂದು ಕಡೆ ಮೆಷಿನ್ ಕಾರಿಡಾರ್‌ನಲ್ಲೇ ಇತ್ತು, ಅಲ್ಲಿನ ಹುಡುಗ ಮೇಜಿನ ಹತ್ತಿರ ಕೂತಿದ್ದವರಿಗೆ ಕೇಳಲಿ ಅಂತ ನನ್ನ ತೂಕವನ್ನು ಹರಾಜು ಕೂಗಿದ ಹಾಗೆ ಕೂಗಿದ್ದ. ಇಲ್ಲಿ ನರ್ಸ್ ಮೇಡಂ ನಂಬರ್ ಬರೆದುಕೊಂಡು ಚೀಟಿ ಮಡಚಿ ಕೈಗೆ ಕೊಟ್ಟರು. ಬಿಪಿ ನೋಡುವ ಪಟ್ಟಿಯೂ ದೊಡ್ಡ ಸೈಜಿನದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಗೋಡೆ ಮೇಲೆ ಒಂದು ಬೋರ್ಡು. 'ಬೊಜ್ಜು ದೀರ್ಘಕಾಲದ ಕಾಯಿಲೆ. ಅದು ನಿಮ್ಮ ತಪ್ಪಲ್ಲ.' ಓದಿ ಒಂದು ನಿಮಿಷ ಕಣ್ಣು ಒದ್ದೆಯಾಯಿತು, ನಿಜ ಹೇಳುತ್ತೇನೆ. ಬಾಯಿ ಕಟ್ಟು, ನಡಿ, ಓಡು ಅನ್ನುವುದು ಬಿಟ್ಟು ಬೇರೆ ಏನೂ ಕೇಳದ ಕಿವಿಗೆ ಅದು ದೊಡ್ಡ ಮಾತು.

ಡಾಕ್ಟರ್ ನಲವತ್ತು ನಿಮಿಷ ಕೊಟ್ಟರು. ಹಸಿವು ಬರೀ ಮನಸ್ಸಿನ ಆಟ ಅಲ್ಲ, ಹಾರ್ಮೋನುಗಳ ಆಟ ಅಂತ ಬಿಡಿಸಿ ಹೇಳಿದರು. ನಮ್ಮ ಕೊಬ್ಬೇ ಲೆಪ್ಟಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದಂತೆ. ಅದು ಗೊತ್ತಾಗಿದ್ದೇ 1994ರಲ್ಲಿ. ತೂಕ ಇಳಿದರೆ ಲೆಪ್ಟಿನ್ ಇಳಿಯುತ್ತದೆ, ಮೆದುಳು ಅದನ್ನು ಬರಗಾಲ ಅಂತ ತಿಳಿಯುತ್ತದೆ, ಹಸಿವು ಹೆಚ್ಚಿಸುತ್ತದೆ, ದೇಹದ ಶಕ್ತಿಯ ಖರ್ಚು ಕಡಿಮೆ ಮಾಡುತ್ತದೆ. ಅಂದರೆ ನಾವು ಇಳಿಸಿದಷ್ಟೂ ದೇಹ ಹಿಂದಕ್ಕೆ ಎಳೆಯುತ್ತದೆ. 'ನೀವು ನಾಲ್ಕು ಸಲ ಇಳಿಸಿ ನಾಲ್ಕು ಸಲ ಏರಿಸಿಕೊಂಡಿದ್ದೀರಿ, ಅದು ಸೋಲಲ್ಲ, ಕಾಯಿಲೆ ಇರುವುದೇ ಹಾಗೆ' ಅಂದರು. ಡಾಕ್ಟರಿಗೆ ಐದಕ್ಕೆ ಐದು. ಬೇಕಾದರೆ ಆರು.

ಡಯಟೀಷಿಯನ್‌ಗೆ ಮೂರು. ತಿಳಿದವರೇ, ಆದರೆ ಕೊಟ್ಟಿದ್ದು ಎಲ್ಲರಿಗೂ ಕೊಡುವ ಅದೇ ಪ್ರಿಂಟ್ ಹಾಳೆ. ಫಿಸಿಯೋಥೆರಪಿಗೆ ಒಂದೂವರೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಅದಕ್ಕೆ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು ಅಂತ ಅವರೇ ಹೇಳಿ, ಇಪ್ಪತ್ತು ತಿಂಗಳಲ್ಲಿ ಒಂದೇ ಒಂದು ಸೆಷನ್ ಕೊಟ್ಟರು. ಜನ ಇಲ್ಲವಂತೆ. ಇರಲಿ.

ಈಗ ಔಷಧಿ ವಿಷಯ. ವಾರಕ್ಕೊಂದು ಇಂಜೆಕ್ಷನ್, ಸೆಮಾಗ್ಲುಟೈಡ್ ಅನ್ನುವ ಹಸಿವು ತಗ್ಗಿಸುವ ಔಷಧಿ. ಅದು ಶುರುವಾಗುವುದಕ್ಕೆ ಮುಂಚೆ ವಿಮೆಯವರು ಮೂರು ತಿಂಗಳು ಡಯಟ್ ಮಾಡಿದ ದಾಖಲೆ ಕೇಳಿದರು. ನಾಲ್ಕು ಸಲ ಮಾಡಿ ಸೋತಿದ್ದಕ್ಕೆ ದಾಖಲೆ ಇಟ್ಟಿರಲಿಲ್ಲವಲ್ಲ, ಐದನೇ ಸಲ ದಾಖಲೆ ಸಮೇತ ಸೋತೆ. ಬಿಪಿ ಮಾತ್ರೆ ಬರೆದಾಗ 'ಮೂರು ತಿಂಗಳು ಉಪ್ಪು ಬಿಟ್ಟ ಪುರಾವೆ ತನ್ನಿ' ಅಂತ ಯಾವ ಕೌಂಟರ್‌ನಲ್ಲೂ ಕೇಳಿರಲಿಲ್ಲ. ಇದು ಮೊದಲನೇ ಸೂಚನೆ, ನಾನು ಆಗ ಗಮನಿಸಲಿಲ್ಲ.

ವಿಮೆಯ ಫಾರಂ ತುಂಬಿದ ಮೇಲೆ ಒಂದು ವರ್ಷಕ್ಕೆ ಒಪ್ಪಿಗೆ ಸಿಕ್ಕಿತು. ಇಂಜೆಕ್ಷನ್ ಪೆನ್ನಿನ ಹಾಗೇ ಇರುತ್ತದೆ, ಹೊಟ್ಟೆಗೆ ಒತ್ತಿ ಹಿಡಿದರೆ ಟಕ್ ಅನ್ನುತ್ತದೆ, ಮುಗಿಯಿತು. 0.25 ಮಿಲಿಗ್ರಾಂನಿಂದ ಶುರು ಮಾಡಿ ನಾಲ್ಕು ನಾಲ್ಕು ವಾರಕ್ಕೆ ಏರಿಸುತ್ತಾ 2.4ಕ್ಕೆ ಹೋಗಬೇಕು. ಪ್ರತಿ ಸಲ ಡೋಸ್ ಏರಿದಾಗ ಎರಡು ಮೂರು ದಿನ ಹೊಟ್ಟೆ ತೊಳಸುತ್ತಿತ್ತು, ಮಲಬದ್ಧತೆ ಬೇರೆ. ತಡೆಯಬಹುದು. ಎಲ್ಲರಿಗೂ ತಡೆಯಲಾಗುವುದಿಲ್ಲ, ನನ್ನ ಜೊತೆ ಶುರು ಮಾಡಿದ ಒಬ್ಬರು ಎರಡನೇ ತಿಂಗಳಿಗೇ ಬಿಟ್ಟರು.

ಕೆಲಸ ಮಾಡುತ್ತಿದೆ ಅಂತ ನನಗೆ ಗೊತ್ತಾಗಿದ್ದು ತೂಕದ ಮೆಷಿನ್‌ನಿಂದ ಅಲ್ಲ, ಆಫೀಸಿನ ಡ್ರಾಯರ್‌ನಿಂದ. ಸಂಜೆ ನಾಲ್ಕಕ್ಕೆ ಕೈ ತಾನಾಗೇ ಅಲ್ಲಿಗೆ ಹೋಗುತ್ತಿತ್ತು, ಎಷ್ಟೋ ವರ್ಷದ ಚಟ. ಏಳನೇ ವಾರವೋ ಎಂಟನೇ ವಾರವೋ, ಸ್ಟೇಪ್ಲರ್ ಹುಡುಕಲು ಡ್ರಾಯರ್ ಎಳೆದೆ. ಒಳಗೆ ಹೋದ ವಾರ ತಂದಿಟ್ಟ ಬಿಸ್ಕತ್ ಪ್ಯಾಕೆಟ್ ಹಾಗೇ ಇತ್ತು. ಒಡೆದಿರಲೇ ಇಲ್ಲ. ಅದು ಅಲ್ಲಿದೆ ಅನ್ನುವುದೇ ಮರೆತುಹೋಗಿತ್ತು! ತಡೆದುಕೊಂಡಿದ್ದಲ್ಲ, ಮರೆತಿದ್ದು. ಈ ಎರಡರ ವ್ಯತ್ಯಾಸ ತೆಳ್ಳಗಿರುವವರಿಗೆ ಹೇಗೆ ಹೇಳಲಿ, ಅವರಿಗೆ ದಿನಾ ಹಾಗೇ ಇರುತ್ತದೆ ಅಲ್ವಾ.

ವರ್ಷದ ಕೊನೆಗೆ 88 ಕೆಜಿ. ಹದಿನಾರು ಕೆಜಿ ಇಳಿದಿತ್ತು. ಇದೇನು ಪವಾಡ ಅಲ್ಲ, 2021ರಲ್ಲಿ ಪ್ರಕಟವಾದ ಇದೇ ಔಷಧಿಯ ದೊಡ್ಡ ಪ್ರಯೋಗದಲ್ಲೂ 68 ವಾರದಲ್ಲಿ ಸರಾಸರಿ ಸುಮಾರು ಶೇ. 15 ಇಳಿದಿತ್ತು, ನನ್ನದೂ ಹೆಚ್ಚುಕಡಿಮೆ ಅಷ್ಟೇ. ಬಿಪಿ 126/80. ಮೊಣಕಾಲು ನೋವು ಕಡಿಮೆ. ಗೊರಕೆ ಕಡಿಮೆ, ಇದು ಹೆಂಡತಿ ಕೊಟ್ಟ ರಿಪೋರ್ಟ್.

ಕ್ಲಿನಿಕ್‌ನ ಆ್ಯಪ್‌ನಲ್ಲಿ ಆ ದಿನದ ತೂಕ ಹಾಕಿದೆ. ತೆರೆ ತುಂಬಾ ಬಣ್ಣದ ಚೂರುಗಳು ಉದುರಿದವು. 'ಅಭಿನಂದನೆ! ನೀವು ಗುರಿ ತಲುಪಿದ್ದೀರಿ! ಕಾರ್ಯಕ್ರಮ ಪೂರ್ಣಗೊಂಡಿದೆ.' ಖುಷಿಯಾಯಿತು. ಮುಂದಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳೋಣ ಅಂತ ಒತ್ತಿದರೆ ಬಟನ್ ಬೂದು ಬಣ್ಣಕ್ಕೆ ತಿರುಗಿತ್ತು, ಒತ್ತಿದರೂ ಅಲ್ಲಾಡಲಿಲ್ಲ.

ಫೋನ್ ಮಾಡಿದೆ. ವಿಮೆ ಕೌಂಟರ್‌ನವರು ಬಹಳ ಮರ್ಯಾದೆಯಿಂದಲೇ ಹೇಳಿದರು, 'ಸರ್, ನಿಮ್ಮ ಬಿಎಂಐ ಈಗ 29.7. ಔಷಧಿ ಮುಂದುವರಿಸಲು 30 ಇರಬೇಕು. ನೀವು ಈಗ ಅರ್ಹರಲ್ಲ.'

ಔಷಧಿ ಕೆಲಸ ಮಾಡಿದ್ದಕ್ಕೆ ಔಷಧಿ ನಿಲ್ಲಿಸಿದರು.

ಅದೇ ವಾರ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಬಿಪಿ ಡಾಕ್ಟರ್ ಹತ್ತಿರ ಹೋಗಿದ್ದೆ. 126/80 ನೋಡಿ ಅವರು ಏನಂದರು? 'ಚೆನ್ನಾಗಿದೆ, ಮಾತ್ರೆ ಕೆಲಸ ಮಾಡುತ್ತಿದೆ, ಬಿಡಬೇಡಿ.' ಒಂದೇ ದೇಹ, ಒಂದೇ ವಾರ, ಒಂದೇ ವಿಮೆ. ಕೆಳಗಿನ ಮಹಡಿಯಲ್ಲಿ ನಂಬರ್ ಸರಿಯಾದರೆ ಮುಂದುವರಿಸು, ಮೇಲಿನ ಮಹಡಿಯಲ್ಲಿ ನಂಬರ್ ಸರಿಯಾದರೆ ಮನೆಗೆ ಹೋಗು. ಬೋರ್ಡ್ ಮೇಲೆ ದೀರ್ಘಕಾಲದ ಕಾಯಿಲೆ ಅಂತ ಬರೆದು, ಫೈಲಿನಲ್ಲಿ ಮಾತ್ರ ಮೂಳೆ ಮುರಿತದ ಹಾಗೆ ಪ್ಲಾಸ್ಟರ್ ಬಿಚ್ಚಿ ಕಳಿಸುವುದು.

ಆಮೇಲೆ ಕೂತು ಓದಿದೆ, ಸಿಟ್ಟಿಗೆ. ಇದು ನನ್ನ ವಿಮೆ ಕಂಪನಿಯ ಜಿಪುಣತನ ಒಂದೇ ಅಲ್ಲ ಅಂತ ಆಗ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಬೊಜ್ಜು 1948ರಿಂದಲೇ ಇದೆ. ಅಮೆರಿಕದ ವೈದ್ಯರ ಸಂಘ ಅದನ್ನು ಕಾಯಿಲೆ ಅಂತ ಒಪ್ಪಿಕೊಂಡಿದ್ದು 2013ರಲ್ಲಿ, ಅದೂ ಬೇಡ ಅಂತ ತನ್ನದೇ ಸಮಿತಿ ಹೇಳಿದ ಮೇಲೆ. ಆದರೆ ಅಲ್ಲಿ ವಯಸ್ಸಾದವರ ಸರಕಾರಿ ವಿಮೆ ಮೆಡಿಕೇರ್‌ಗೆ 2003ರಲ್ಲೇ ಒಂದು ಕಾನೂನು ಬಂದಿತ್ತು, ತೂಕ ಇಳಿಸುವ ಔಷಧಿಗೆ ದುಡ್ಡು ಕೊಡುವ ಹಾಗಿಲ್ಲ ಅಂತ. 2024ರಲ್ಲಿ ಒಂದು ಸಂದಿ ತೆರೆದರು, ಹೃದಯದ ಕಾಯಿಲೆ ಆಗಲೇ ಇದ್ದರೆ ಕೊಡುತ್ತೇವೆ ಅಂತ. ಯಾಕೆಂದರೆ ಸೆಮಾಗ್ಲುಟೈಡ್‌ನ 2023ರ ಪ್ರಯೋಗದಲ್ಲಿ, 17,604 ಜನರ ಮೇಲೆ ನಡೆದಿದ್ದು, ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಇವೆಲ್ಲಾ ಸೇರಿ ಶೇ. 20 ಕಡಿಮೆಯಾಗಿತ್ತು. ಒಳ್ಳೆಯದೇ. ಆದರೆ ಅರ್ಥ ಏನಾಯಿತು ನೋಡಿ: ಬೊಜ್ಜಿಗೆ ಔಷಧಿ ಬೇಕಾದರೆ ಮೊದಲು ಹೃದಯ ಕೆಡಿಸಿಕೊಂಡು ಬಾ.

ಜರ್ಮನಿಯದು ಇನ್ನೂ ಚೆಂದ. 2020ರಲ್ಲಿ ಅಲ್ಲಿನ ಸಂಸತ್ತು ಬೊಜ್ಜು ದೀರ್ಘಕಾಲದ ಕಾಯಿಲೆ ಅಂತ ಒಪ್ಪಿತು. ಆದರೆ ಅದೇ ದೇಶದ ಆರೋಗ್ಯ ವಿಮೆ ಕಾನೂನಿನಲ್ಲಿ, ಇವೆಲ್ಲಾ ಶೋಕಿ ಔಷಧಿ, ವಿಮೆ ಸಿಗುವುದಿಲ್ಲ ಅನ್ನುವ ಅರ್ಥದ ಒಂದು ಪಟ್ಟಿ ಇದೆ. ಕೂದಲು ಬೆಳೆಸುವ ಔಷಧಿಯ ಸಾಲಿನಲ್ಲೇ ತೂಕ ಇಳಿಸುವ ಔಷಧಿಯೂ ಕೂತಿದೆ. ಮೂಗಿಗೆ ತುಪ್ಪ ಸವರುವುದು ಅಂತಾರಲ್ಲ, ಅದು ಇದೇ. ಇಟಲಿ 2025ರಲ್ಲಿ ಬೊಜ್ಜಿಗೆ ಅಂತಲೇ ಒಂದು ಕಾನೂನು ಮಾಡಿತು. ಆ ಕಾನೂನಿಗೆ ಎಷ್ಟು ದುಡ್ಡು ಕೊಡುತ್ತಾರೆ ಅನ್ನುವುದರ ಮೇಲೆ ಅದರ ಹಣೆಬರಹ.

ಇಂಗ್ಲೆಂಡಿನಲ್ಲಿ ಸೆಮಾಗ್ಲುಟೈಡ್‌ಗೆ ಎರಡು ವರ್ಷದ ಮಿತಿ ಹಾಕಿದರು. ನಂತರ ಬಂದ ಟಿರ್ಜೆಪಟೈಡ್ ಅನ್ನುವ ಇದೇ ತರಹದ ಇಂಜೆಕ್ಷನ್‌ಗೆ ಆ ಮಿತಿ ಇಲ್ಲ, ಸಂತೋಷ, ಆದರೆ ಅರ್ಹರಿಗೆಲ್ಲ ತಲುಪಿಸಲು ಹನ್ನೆರಡು ವರ್ಷದವರೆಗೆ ಹಂತ ಹಂತವಾಗಿ ಕೊಡುವ ಯೋಜನೆ. ಮೊದಲ ಮೂರು ವರ್ಷಕ್ಕೆ ಸುಮಾರು 2,20,000 ಜನ. ಸುಮ್ನೆ ಬೈಯಲು ಬರುವುದಿಲ್ಲ ಇದಕ್ಕೆ, ಯಾಕೆಂದರೆ ನಮ್ಮ ಫಿಸಿಯೋ ಕಥೆಯೇ ಅಲ್ಲೂ. ಔಷಧಿ ಕೊಂಡುಬಿಡಬಹುದು, ಅದನ್ನು ನೋಡಿಕೊಳ್ಳುವ ನರ್ಸು, ಡಯಟೀಷಿಯನ್ನು, ಡಾಕ್ಟರ ಸಮಯ ಇವನ್ನೆಲ್ಲಾ ಎಲ್ಲಿಂದ ತರುವುದು?

ವಿಮೆಯವರ ಕಡೆಯಿಂದಲೂ ಒಂದು ಸಲ ನೋಡೋಣ, ನ್ಯಾಯ ಅಂದರೆ ನ್ಯಾಯ. 2022ರ ಲೆಕ್ಕದಲ್ಲಿ ಜಗತ್ತಿನಲ್ಲಿ ಬೊಜ್ಜಿರುವವರು 100 ಕೋಟಿಗಿಂತ ಜಾಸ್ತಿ. ಎಲ್ಲರಿಗೂ ಜೀವನಪೂರ್ತಿ ವಾರಕ್ಕೊಂದು ದುಬಾರಿ ಇಂಜೆಕ್ಷನ್ ಅಂದರೆ ಯಾವ ಖಜಾನೆ ತಡೆಯುತ್ತದೆ? ಇನ್ನೊಂದು ಗಂಟು ಇದೆ. ಇವತ್ತು ನನ್ನ ಇಂಜೆಕ್ಷನ್‌ಗೆ ದುಡ್ಡು ಕೊಡುವವರು ಈ ಕಂಪನಿ. ಹತ್ತು ವರ್ಷದ ನಂತರ ನನಗೆ ಹೃದಯಾಘಾತ ಆಗದೆ ಇದ್ದರೆ ಉಳಿಯುವ ದುಡ್ಡು ಯಾರಿಗೆ? ಅಷ್ಟು ಹೊತ್ತಿಗೆ ನಾನು ಕೆಲಸ ಬದಲಿಸಿ ಬೇರೆ ವಿಮೆಗೆ ಹೋಗಿರುತ್ತೇನೆ. ಒಬ್ಬರು ಬಿತ್ತಬೇಕು, ಇನ್ನೊಬ್ಬರು ಕೊಯ್ಯುತ್ತಾರೆ. ಹಾಗಿದ್ದಾಗ ಬಿತ್ತುವವರು ಯಾರು?

ಹಳೆಯ ಭಯವೂ ಇದೆ, ಅದನ್ನೂ ಒಪ್ಪುತ್ತೇನೆ. ತೂಕದ ಔಷಧಿಗಳ ಚರಿತ್ರೆ ಒಳ್ಳೆಯದೇನಲ್ಲ. ಫೆನ್-ಫೆನ್ ಅನ್ನುವ ಜೋಡಿಯಲ್ಲಿದ್ದ ಫೆನ್‌ಫ್ಲುರಮೈನ್ ಹೃದಯದ ಕವಾಟ ಕೆಡಿಸುತ್ತದೆ ಅಂತ 1997ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಸಿಬುಟ್ರಮೈನ್ 2010ರಲ್ಲಿ ಹೋಯಿತು, ಅದೂ ಹೃದಯದ ಕಾರಣಕ್ಕೇ. ಹಾಗಾಗಿ ಸರಕಾರಗಳು ಹತ್ತು ಸಲ ಯೋಚಿಸುವುದು ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2025ರ ಡಿಸೆಂಬರ್‌ನಲ್ಲಿ ಈ ಔಷಧಿಗಳನ್ನು ದೊಡ್ಡವರಿಗೆ ದೀರ್ಘಕಾಲ ಕೊಡಬಹುದು ಅಂದಿದ್ದು ಷರತ್ತು ಇಟ್ಟುಕೊಂಡೇ. ಬಹಳ ವರ್ಷದ ಸುರಕ್ಷತೆಯ ಮಾಹಿತಿ ಇನ್ನೂ ಸಾಲದು, ಬೆಲೆ ಜಾಸ್ತಿ, ಬಡವರಿಗೆ ಸಿಗುವುದಿಲ್ಲ ಅನ್ನುವುದೆಲ್ಲಾ ಅದರಲ್ಲಿದೆ.

ನನಗೆ ಒಪ್ಪಿಗೆ ಆಗದೆ ಇರುವುದು ಒಂದೇ. ದುಡ್ಡಿಲ್ಲ ಅನ್ನಿ, ಸರದಿ ಇದೆ ಅನ್ನಿ, ತೀರಾ ಕಷ್ಟದಲ್ಲಿರುವವರಿಗೆ ಮೊದಲು ಅನ್ನಿ, ಕಾಯುತ್ತೇನೆ. ಆದರೆ 'ನಿಮಗೆ ವಾಸಿಯಾಗಿದೆ' ಅನ್ನಬೇಡಿ. 2022ರಲ್ಲಿ ಬಂದ ಅಧ್ಯಯನದಲ್ಲೇ ಇದೆ, ಔಷಧಿ ಮತ್ತು ಅದರ ಜೊತೆಗಿನ ಸಲಹೆ ನಿಂತ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಇದು ಗೊತ್ತಿದ್ದೂ ಒಂದು ವರ್ಷ ಕೊಟ್ಟು ನಿಲ್ಲಿಸುವುದು ಅಂದರೆ, ಆ ಒಂದು ವರ್ಷದ ದುಡ್ಡನ್ನೂ ಹೊಳೆಗೆ ಹಾಕಿದ ಹಾಗೆ ಅಲ್ವಾ? ಉಳಿತಾಯ ಎಲ್ಲಿ ಬಂತು?

ಈ 30 ಅನ್ನುವ ಗೆರೆ ಬಗ್ಗೆಯೂ ಎರಡು ಮಾತು. ಬಿಎಂಐ ಲೆಕ್ಕದ ಮೂಲ ಕ್ವೆಟೆಲೆ ಅನ್ನುವ ಬೆಲ್ಜಿಯಂನ ಗಣಿತದವನು, 19ನೇ ಶತಮಾನದವನು. ಅವನಿಗೆ ಬೇಕಾಗಿದ್ದು 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅನ್ನುವ ಲೆಕ್ಕ, ಯಾರ ಕಾಯಿಲೆಯೂ ಅಲ್ಲ. ಅದಕ್ಕೆ ಬಿಎಂಐ ಅಂತ ಹೆಸರು ಬಂದಿದ್ದೇ 1972ರಲ್ಲಿ. ಜನಸಮೂಹ ಅಳೆಯಲು ಅದು ಸರಿ. ಎದುರಿಗೆ ಕೂತ ಒಬ್ಬ ಮನುಷ್ಯನ ಔಷಧಿ ನಿಲ್ಲಿಸಲು ಅದೊಂದೇ ಸಾಕಾ? ಏಷ್ಯಾದ ಮೂಲದವರಿಗೆ ಕಡಿಮೆ ಬಿಎಂಐನಲ್ಲೇ ತೊಂದರೆ ಶುರುವಾಗುತ್ತದೆ, 23 ಮತ್ತು 27.5ರಲ್ಲೇ ಎಚ್ಚರಿಕೆ ಬೇಕು ಅಂತ ತಜ್ಞರು 2004ರಲ್ಲೇ ಬರೆದಿದ್ದಾರೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಇನ್ನೊಂದು ದಾರಿ ಹೇಳಿತು. ಬರೀ ಬಿಎಂಐ ಬೇಡ, ಸೊಂಟದ ಸುತ್ತಳತೆಯನ್ನೋ ಕೊಬ್ಬಿನ ಪ್ರಮಾಣವನ್ನೋ ಅಳೆಯಿರಿ, ಬೊಜ್ಜಿನಿಂದ ಅಂಗಾಂಗಕ್ಕೆ ಪೆಟ್ಟು ಬಿದ್ದವರು ಬೇರೆ, ಇನ್ನೂ ಬೀಳದವರು ಬೇರೆ, ಇಬ್ಬರಿಗೂ ಬೇರೆ ಬೇರೆ ಚಿಕಿತ್ಸೆ. ಇದು ನನಗೆ ಸರಿ ಅನ್ನಿಸಿತು. ಯಾರಿಗೆ ಮೊದಲು ಅನ್ನುವುದಕ್ಕೂ ಒಂದು ದಾರಿ ಸಿಗುತ್ತದೆ. ನಮ್ಮ ಕ್ಲಿನಿಕ್‌ನಲ್ಲಿ ಇಪ್ಪತ್ತು ತಿಂಗಳಲ್ಲಿ ನನ್ನ ಸೊಂಟಕ್ಕೆ ಟೇಪ್ ಹಿಡಿದಿದ್ದು ಎರಡು ಸಲ. ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ.

ಕೆಲವರು ಹೇಳುತ್ತಾರೆ, ಕಾಯಿಲೆ ಅಂತ ಕರೆದರೆ ಎಲ್ಲಾ ಔಷಧಿ ಕಂಪನಿಗಳ ಪಾಲಾಗುತ್ತದೆ, ಸಕ್ಕರೆ ಪಾನೀಯಕ್ಕೆ ತೆರಿಗೆ ಹಾಕಿ, ನಡೆಯಲು ರಸ್ತೆ ಕೊಡಿ, ಅದು ಬಿಟ್ಟು ಇಂಜೆಕ್ಷನ್ ಯಾಕೆ ಅಂತ. ತೆರಿಗೆ ಹಾಕಲಿ, ಮೆಕ್ಸಿಕೋ 2014ರಿಂದ ಹಾಕುತ್ತಿದೆ. ಆದರೆ ಅದು ಮುಂದೆ ದಪ್ಪ ಆಗಬಹುದಾದವರಿಗೆ. ಆಗಲೇ 104 ಕೆಜಿ ಆದವನಿಗೆ ತೆರಿಗೆ ತೋರಿಸಿದರೆ ಮೊಣಕಾಲು ನೋವು ಹೋಗುವುದಿಲ್ಲ.

ಸರಿ, ನನ್ನ ಕಥೆ ಮುಗಿಸುತ್ತೇನೆ. ಔಷಧಿ ನಿಂತ ಮೂರನೇ ವಾರಕ್ಕೆ ಕೈ ಮತ್ತೆ ಡ್ರಾಯರ್‌ಗೆ ಹೋಯಿತು. ನಾನು ದಿನಾ ನಡೆಯುತ್ತಿದ್ದೆ, ಪ್ರಿಂಟ್ ಹಾಳೆ ಪ್ರಕಾರವೇ ತಿನ್ನುತ್ತಿದ್ದೆ, ಆದರೂ ಐದು ತಿಂಗಳಲ್ಲಿ 95 ಕೆಜಿ. ಬಿಎಂಐ 32. ಆ ವಾರ ಆ್ಯಪ್‌ನಲ್ಲಿ ಬೂದು ಬಟನ್ ಮತ್ತೆ ಹಸಿರಾಯಿತು. 'ನೀವು ಕಾರ್ಯಕ್ರಮಕ್ಕೆ ಅರ್ಹರಾಗಿದ್ದೀರಿ!' ಈ ಸಲ ಬಣ್ಣದ ಚೂರು ಉದುರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಮತ್ತೆ 0.25ರಿಂದ ಶುರು, ಮತ್ತೆ ಹೊಟ್ಟೆ ತೊಳಸು. ಗಾಣದ ಎತ್ತಿಗೂ ನನಗೂ ಒಂದೇ ವ್ಯತ್ಯಾಸ, ಅದಕ್ಕೆ ಯಾರೂ ಅಭಿನಂದನೆ ಹೇಳುವುದಿಲ್ಲ.

ಹೋಗುವವರಿಗೆ ಎರಡು ಸಲಹೆ. ಮೊದಲ ದಿನದ ತೂಕದ ಚೀಟಿ, ಬಿಪಿ ಮತ್ತು ರಕ್ತದ ರಿಪೋರ್ಟು ಜೋಪಾನವಾಗಿ ಇಟ್ಟುಕೊಳ್ಳಿ. ಕೆಲವು ವಿಮೆಗಳು ಮುಂದುವರಿಸುವಾಗ ಈಗಿನ ಬಿಎಂಐ ಬದಲು ಚಿಕಿತ್ಸೆ ಶುರುವಾದ ದಿನದ ಬಿಎಂಐ ನೋಡುತ್ತವೆ, ಪಾಲಿಸಿಯಲ್ಲಿ ಆ ಸಾಲು ಇದೆಯಾ ಅಂತ ಸೇರುವ ಮುಂಚೆಯೇ ಕೇಳಿ. ನಾನು ಕೇಳಿರಲಿಲ್ಲ. ಇನ್ನೊಂದು, ಒಪ್ಪಿಗೆ ಮುಗಿಯುವ ಎರಡು ತಿಂಗಳ ಮುಂಚೆಯೇ ಡಾಕ್ಟರ ಹತ್ತಿರ ಮುಂದೇನು ಅಂತ ಬರೆಸಿಕೊಳ್ಳಿ. ಆ್ಯಪ್ ನಂಬಿ ಕೂರಬೇಡಿ.

ಸ್ಟಾರ್ ಲೆಕ್ಕ: ಡಾಕ್ಟರಿಗೆ ಐದು, ನರ್ಸ್‌ಗೆ ಐದು, ಕುರ್ಚಿಗೆ ಐದು, ಔಷಧಿಗೆ ನಾಲ್ಕು. ಆ್ಯಪ್‌ಗೆ ಒಂದು, ಫಾರಂಗೆ ಸೊನ್ನೆ.

ಆ ಫಾರಂ ಹೋದ ವಾರ ಎರಡನೇ ಸಲ ತುಂಬಿದೆವು. ಅದರಲ್ಲಿ ಒಂದು ಕಾಲಂ ಇದೆ, 'ಚಿಕಿತ್ಸೆ ಮುಗಿಯುವ ದಿನಾಂಕ'. ಡಾಕ್ಟರ್ ಅಲ್ಲಿ 'ಅನ್ವಯಿಸುವುದಿಲ್ಲ' ಅಂತ ಬರೆದು ಸಹಿ ಹಾಕಿದರು. ಕೌಂಟರ್‌ನ ಹುಡುಗ ಟೈಪ್ ಮಾಡಿದ, ಕಂಪ್ಯೂಟರ್ ಕೆಂಪು ತೋರಿಸಿತು. ಖಾಲಿ ಬಿಟ್ಟ, ಆಗಲೂ ಕೆಂಪು. ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಹಿಂದೆ ಏಳೆಂಟು ಜನ ಟೋಕನ್ ಹಿಡಿದು ನಿಂತಿದ್ದರು. 'ಸರ್, ಸುಮ್ನೆ ಒಂದು ಡೇಟ್ ಹಾಕಿಬಿಡ್ಲಾ?' ಅಂದ. ಹಾಕಪ್ಪ ಅಂದೆ. ಮುಂದಿನ ವರ್ಷದ ಇದೇ ತಾರೀಖು ಹಾಕಿ ಪ್ರಿಂಟ್ ಕೊಟ್ಟ.